ನಗುವ ಮುನ್ನ ಕಿವಿಯ ಲೆಕ್ಕ ತಿಳಿಯೋಣ

ಗೆಳೆಯರೇ, ಮೊದಲು ಒಂದು ಸಣ್ಣ ಪರೀಕ್ಷೆ. ಪೇಟೆಗೆ ‘ಡೆಪ್’ ಎಂಬ ಹೊಸ ಸಾಮಾನು ಬಂದಿದೆ ಎಂದುಕೊಳ್ಳಿ. ಅದರ ಜೊತೆಗೆ ‘ಡೇಪ್’ ಎಂಬ ಇನ್ನೊಂದೂ ಬಂದಿದೆ. ಎರಡೂ ನಾನೇ ಹುಟ್ಟಿಸಿದ ಪದಗಳು, ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಹಳ್ಳಿಯಲ್ಲಿ ಕನ್ನಡ ಮಾತನಾಡುವ ಅಜ್ಜಿಯೊಬ್ಬರು ಇವನ್ನು ಹೇಗೆ ಹೇಳಬಹುದು? ‘ಡೆಪ್ಪು’ ಮತ್ತು ‘ಡೇಪು’ ಎಂದು ನೀವು ಈಗಾಗಲೇ ಮನಸ್ಸಿನಲ್ಲಿ ಅಂದುಕೊಂಡಿರುತ್ತೀರಿ. ‘ಡೇಪ್ಪು’ ಎಂದು ಯಾರಿಗೂ ಹೊಳೆಯುವುದಿಲ್ಲ. ಬಸ್ಸು, ಪೆನ್ನು, ಬುಕ್ಕು ಎನ್ನುವಲ್ಲಿ ಕೊನೆಯ ವ್ಯಂಜನ ಇಮ್ಮಡಿಯಾಗುತ್ತದೆ. ಕಾರು, ಬೈಕು, ಟ್ಯೂಬು ಎನ್ನುವಲ್ಲಿ ಆಗುವುದಿಲ್ಲ. ಕನ್ನಡದ ಹಳೆಯ ಪದಗಳೂ ಹೀಗೆಯೇ ನಡೆದುಕೊಂಡಿವೆ: ಕಲ್ಲು, ಮಣ್ಣು, ಹಲ್ಲು ಒಂದು ಕಡೆ, ಕಾಲು, ಮೀನು, ಹಾಲು ಇನ್ನೊಂದು ಕಡೆ. ಹಿಂದಿನ ಸ್ವರ ಹ್ರಸ್ವವಾದರೆ ಒತ್ತು ಬರುತ್ತದೆ, ದೀರ್ಘವಾದರೆ ಬರುವುದಿಲ್ಲ, ಕೊನೆಗೆ ಒಂದು ‘ಉ’ ಸೇರುತ್ತದೆ.

ಇದನ್ನು ನಮಗೆ ಯಾರು ಕಲಿಸಿದರು? ವ್ಯಾಕರಣ ತರಗತಿಯಲ್ಲಿ ಲೋಪ, ಆಗಮ, ಆದೇಶ ಸಂಧಿಗಳನ್ನು ಬಾಯಿಪಾಠ ಮಾಡಿದ್ದೇವೆ. ಈ ಬಸ್ಸು-ಕಾರಿನ ನಿಯಮವನ್ನು ಯಾರೂ ಹೇಳಿಕೊಟ್ಟ ನೆನಪಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಅದು ಗೊತ್ತು. ಅಂದರೆ ನಮ್ಮ ಕಿವಿ ನಮಗೆ ಹೇಳದೆಯೇ ಲೆಕ್ಕ ಹಾಕುತ್ತಾ ಬಂದಿದೆ. ಆ ಲೆಕ್ಕ ಹೇಗೆ ನಡೆಯುತ್ತದೆ ಎಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ನೋಡುವ ವಿಜ್ಞಾನವೊಂದಿದೆ. ಗಣಕ ವಿಜ್ಞಾನ ತೆಗೆದುಕೊಂಡ ನನಗೆ ಆ ವಿಷಯ ಇಷ್ಟವಾಯಿತು. ಆದರೆ ಇಲ್ಲಿ ಅದರ ಬಗ್ಗೆ ಬರೆಯಲು ಬೇರೆಯೇ ಕಾರಣವಿದೆ.

ನಮ್ಮ ಭಾಷಣ ಸ್ಪರ್ಧೆಯ ಅಂಕಪಟ್ಟಿಯಲ್ಲಿ ‘ಉಚ್ಚಾರಣೆ’ಗೆ 10 ಅಂಕಗಳಿವೆ. ‘ಹಕ್ಕಿ’ ಎನ್ನಬೇಕಾದಲ್ಲಿ ‘ಅಕ್ಕಿ’ ಎಂದವರಿಗೆ, ‘ಭಾಷೆ’ಯನ್ನು ‘ಬಾಸೆ’ ಮಾಡಿದವರಿಗೆ, ‘ಬಳೆ’ ಬದಲು ‘ಬಲೆ’ ಎಂದವರಿಗೆ ಅಂಕ ಹೋಗುತ್ತದೆ. ಅಂಕ ಹೋದರೆ ಹೋಗಲಿ, ಜೊತೆಗೆ ಹಿಂದಿನ ಬೆಂಚಿನಿಂದ ನಗು ಬರುತ್ತದೆ. ಆ ನಗುವಿನ ನಂತರ ಮುಂದಿನ ವರ್ಷ ಹೆಸರು ಕೊಡದ ಎಷ್ಟೋ ಮಂದಿ ನಮ್ಮ ನಡುವೆ ಇದ್ದಾರೆ. ಹೇಳಲು ವಿಷಯವಿದ್ದೂ ಮೈಕಿನ ಮುಂದೆ ನಿಲ್ಲದವರು ಅವರು. ತಪ್ಪು ಉಚ್ಚಾರ ಎಂದರೆ ಅಸಡ್ಡೆ, ಸೋಮಾರಿತನ, ಓದು ಸಾಲದು ಎಂಬ ನಂಬಿಕೆ ಆ ನಗುವಿನ ಹಿಂದೆ ಇದೆ. ಈ ನಂಬಿಕೆ ಸರಿಯಲ್ಲ ಎನ್ನುವುದೇ ನನ್ನ ವಾದ. ಸಾಕ್ಷಿಗೆ ಯಂತ್ರವನ್ನೇ ಕರೆಯುತ್ತೇನೆ.

ಧ್ವನಿಯ ನಿಯಮಗಳನ್ನು ಬರೆದಿಡುವ ಕೆಲಸ ಹೊಸದಲ್ಲ. ಪಾಣಿನಿ ಸುಮಾರು 4000 ಸೂತ್ರಗಳಲ್ಲಿ ಸಂಸ್ಕೃತವನ್ನು ಕಟ್ಟಿಕೊಟ್ಟರು. 8ನೇ ಶತಮಾನದಲ್ಲಿ ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ಅರಬಿಯ ನಿಘಂಟನ್ನು ಗಂಟಲಿನ ಆಳದ ‘ಐನ್’ನಿಂದ ಶುರುಮಾಡಿ ತುಟಿಯ ಕಡೆಗೆ ಸಾಗುವ ಕ್ರಮದಲ್ಲಿ ಜೋಡಿಸಿದರು. ಅವರ ಶಿಷ್ಯ ಸೀಬವೈಹಿ ಅರಬಿ ಅಕ್ಷರಗಳು ಹೊರಡುವ 16 ಸ್ಥಾನಗಳನ್ನು ಗುರುತಿಸಿದರು. ಮದ್ರಸದಲ್ಲಿ ಉಸ್ತಾದರು ಮಖ್ರಜ್ ಎಂದು ಹೇಳಿಕೊಟ್ಟದ್ದರ ಮೂಲ ಇಲ್ಲಿದೆ. ‘ಅಲ್’ ಎಂಬುದು ‘ಶಮ್ಸ್’ ಮುಂದೆ ಬಂದರೆ ‘ಅಶ್ಶಮ್ಸ್’ ಆಗುತ್ತದೆ, ‘ಕಮರ್’ ಮುಂದೆ ಬಂದರೆ ‘ಅಲ್‌ಕಮರ್’ ಎಂದೇ ಉಳಿಯುತ್ತದೆ. 14 ಸೂರ್ಯಾಕ್ಷರ, 14 ಚಂದ್ರಾಕ್ಷರ ಎಂದು ನಾವು ಲೆಕ್ಕ ಇಟ್ಟು ಕಲಿತೆವು. ಅರಬರ ಮನೆಯ ಮಗು ಈ ಪಟ್ಟಿ ನೋಡದೆಯೇ ಹಾಗೆ ಮಾತನಾಡುತ್ತದೆ, ನಾವು ಬಸ್ಸು-ಕಾರು ಕಲಿತ ಹಾಗೆ.

ನಿಯಮ ಗೊತ್ತಿದ್ದರೆ ಅದನ್ನು ಪ್ರೋಗ್ರಾಮ್ ಆಗಿ ಬರೆಯುವುದು ನಾಲ್ಕು ಸಾಲಿನ ಕೆಲಸ. ಕಷ್ಟದ ಪ್ರಶ್ನೆ ಬೇರೆ. ನಿಯಮ ಹೇಳದೆ, ಬರೀ ಉದಾಹರಣೆಗಳನ್ನು ಕೊಟ್ಟರೆ ಯಂತ್ರ ತಾನೇ ನಿಯಮವನ್ನು ಕಂಡುಕೊಂಡೀತೇ? 1986ರಲ್ಲಿ ಅಮೆರಿಕದ ಡೇವಿಡ್ ರೂಮೆಲ್‌ಹಾರ್ಟ್ ಮತ್ತು ಜೇಮ್ಸ್ ಮೆಕ್ಲೆಲೆಂಡ್ ಇಂಗ್ಲಿಷ್ ಕ್ರಿಯಾಪದಗಳ ಭೂತಕಾಲ ಕಲಿಯುವ ಒಂದು ಜಾಲವನ್ನು ಕಟ್ಟಿದರು. ಮೊದಲು 10 ಪದ, ಆಮೇಲೆ ಇನ್ನೂ 410 ಪದಗಳನ್ನು ಅದಕ್ಕೆ ಉಣಿಸಿದರು. ಅದು ಬಹಳಷ್ಟನ್ನು ಕಲಿಯಿತು. ಚಿಕ್ಕ ಮಕ್ಕಳು ‘ಕಮ್’ ಎಂಬುದಕ್ಕೆ ‘ಕಮ್ಡ್’ ಎನ್ನುವ ಹಾಗೆ ನಿಯಮವನ್ನು ಅತಿಯಾಗಿ ಹಚ್ಚುವ ತಪ್ಪನ್ನೂ ಮಾಡಿತು. 1988ರಲ್ಲಿ ಸ್ಟೀವನ್ ಪಿಂಕರ್ ಮತ್ತು ಅಲನ್ ಪ್ರಿನ್ಸ್ ಅದರ ದೋಷಗಳನ್ನು ಎತ್ತಿ ತೋರಿಸಿದರು. ‘ಮೇಲ್’ ಎಂಬ ಪದಕ್ಕೆ ಅದು ‘ಮೆಂಬಲ್ಡ್’ ಎಂಬ ವಿಚಿತ್ರ ಉತ್ತರ ಕೊಟ್ಟಿತ್ತು. ಯಾವ ಮಗುವೂ ಹಾಗೆ ಹೇಳುವುದಿಲ್ಲ. ಆ ವಾದ-ಪ್ರತಿವಾದದಿಂದ ಈ ಕ್ಷೇತ್ರ ಬೆಳೆಯಿತು.

ಆಮೇಲೆ ಬಂದ ಮಾದರಿಗಳಲ್ಲಿ ಒಂದು ನಮ್ಮ ಗಣಿತಕ್ಕೆ ಹತ್ತಿರವಿದೆ. 2008ರಲ್ಲಿ ಬ್ರೂಸ್ ಹೇಯ್ಸ್ ಮತ್ತು ಕಾಲಿನ್ ವಿಲ್ಸನ್ ಯಾವ ಧ್ವನಿಜೋಡಣೆ ಒಂದು ಭಾಷೆಗೆ ಒಪ್ಪುತ್ತದೆ ಎಂಬುದನ್ನು ಪದಪಟ್ಟಿಯಿಂದಲೇ ಕಲಿಯುವ ಮಾದರಿಯನ್ನು ಪ್ರಕಟಿಸಿದರು. ಇಂಥ ಮಾದರಿಗಳಲ್ಲಿ ನಿಯಮ ಎಂದರೆ ಕಬ್ಬಿಣದ ಕಟ್ಟಳೆಯಲ್ಲ, ಪ್ರತಿಯೊಂದಕ್ಕೂ ಒಂದು ತೂಕ ಇರುತ್ತದೆ. ನಮ್ಮ ಬಸ್ಸನ್ನೇ ತೆಗೆದುಕೊಳ್ಳಿ. ಮುಂದಿನ ಸಂಖ್ಯೆಗಳು ಲೆಕ್ಕ ತೋರಿಸಲು ನಾನೇ ಇಟ್ಟವು.

‘ಪದ ವ್ಯಂಜನದಲ್ಲಿ ಮುಗಿಯಬಾರದು’ ಎಂಬ ನಿಯಮದ ತೂಕ 5. ‘ಇಲ್ಲದ ಧ್ವನಿಯನ್ನು ಸೇರಿಸಬಾರದು’ ಎಂಬ ನಿಯಮದ ತೂಕ 2. ‘ಬಸ್’ ಎಂದರೆ ಮೊದಲ ನಿಯಮ ಮುರಿಯುತ್ತದೆ, ದಂಡ 5. ‘ಬಸ್ಸು’ ಎಂದರೆ ಒಂದು ‘ಸ’ ಮತ್ತು ಒಂದು ‘ಉ’ ಸೇರಿದವು, ಎರಡನೇ ನಿಯಮ ಎರಡು ಸಲ ಮುರಿಯಿತು, ದಂಡ 4. ದಂಡ 1 ಕಡಿಮೆಯಾದರೆ ಆ ರೂಪದ ಸಾಧ್ಯತೆ ಸುಮಾರು 2.718 ಪಟ್ಟು ಹೆಚ್ಚುತ್ತದೆ. ಲಾಗರಿದಮ್ ಪಾಠದ ‘ಇ’ ಇಲ್ಲಿ ಕೆಲಸಕ್ಕೆ ಬಂತು. ಹಾಗಾಗಿ ಈ ಮನೆಯವರು 100 ಸಲದಲ್ಲಿ ಸುಮಾರು 73 ಸಲ ‘ಬಸ್ಸು’ ಎನ್ನುತ್ತಾರೆ, 27 ಸಲ ‘ಬಸ್’ ಎನ್ನುತ್ತಾರೆ. ಈಗ ಉರ್ದು ಮಾತನಾಡುವ ಮನೆಗೆ ಹೋಗೋಣ. ಅಲ್ಲಿ ಕಿತಾಬ್, ಕಲಮ್, ಮಕಾನ್ ಎಂದು ವ್ಯಂಜನದಲ್ಲೇ ಮುಗಿಯುವ ಪದಗಳು ಎಷ್ಟು ಬೇಕಾದರೂ ಇವೆ. ಮೊದಲ ನಿಯಮದ ತೂಕ ಅಲ್ಲಿ 2ಕ್ಕೆ ಇಳಿಯಿತು ಎನ್ನಿ. ಆಗ ‘ಬಸ್’ ಎಂಬುದರ ದಂಡ 2, ‘ಬಸ್ಸು’ ಎಂಬುದರ ದಂಡ 4. ಲೆಕ್ಕ ತಿರುಗಿಬಿತ್ತು. 100ರಲ್ಲಿ ಸುಮಾರು 88 ಸಲ ‘ಬಸ್’.

ಎರಡೂ ಮನೆಯವರ ತಲೆಯಲ್ಲಿ ಓಡುತ್ತಿರುವ ಪ್ರೋಗ್ರಾಮ್ ಒಂದೇ ಎಂಬುದನ್ನು ಗಮನಿಸಿ. ನಿಯಮಗಳೂ ಅವೇ. ತೂಕ ಮಾತ್ರ ಬೇರೆ. ಆ ತೂಕಗಳನ್ನು ಯಾರೂ ಕೂತು ಆರಿಸಿಕೊಂಡಿಲ್ಲ. ಕಲಿಯುವ ಯಂತ್ರ ತನ್ನ ಊಹೆಗೂ ಕೇಳಿಸಿದ್ದಕ್ಕೂ ವ್ಯತ್ಯಾಸ ಬಂದಾಗಲೆಲ್ಲ ತೂಕವನ್ನು ಸ್ವಲ್ಪ ಏರಿಸುತ್ತದೆ ಅಥವಾ ಇಳಿಸುತ್ತದೆ. ಸಾವಿರಾರು ಪದ ಕೇಳಿದ ಮೇಲೆ ಅದು ಒಂದು ಕಡೆ ನಿಲ್ಲುತ್ತದೆ. ‘ಸ್ಕೂಲ್’ ಅನ್ನು ‘ಇಸ್ಕೂಲ್’ ಎನ್ನುವವರನ್ನು ಕಂಡು ನಾವು ನಗುತ್ತೇವಲ್ಲ, ಅಲ್ಲಿ ನಡೆದದ್ದೂ ಇದೇ. ಪದದ ಮೊದಲಿಗೆ ‘ಸ್ಕ’ ಬರಬಾರದು ಎಂಬ ನಿಯಮಕ್ಕೆ ಆ ಮನೆಯಲ್ಲಿ ತೂಕ ಹೆಚ್ಚು. ಲ್ಯಾಟಿನ್ನಿನ ‘ಸ್ಕೋಲಾ’ ಸ್ಪೇನಿನಲ್ಲಿ ಇದೇ ದಾರಿಯಲ್ಲಿ ‘ಎಸ್ಕ್ವೆಲಾ’ ಆಯಿತು. ಸ್ಪೇನಿನ ನಿಘಂಟಿನಲ್ಲಿ ಇವತ್ತು ಶಾಲೆಗೆ ಅದೇ ಪದ. ಅದನ್ನು ಕೇಳಿ ಯಾರೂ ನಗುವುದಿಲ್ಲ.

‘ಬಾಯಿಗೆ ಬರುವುದಿಲ್ಲ ಸರಿ, ಕಿವಿಗೆ ಕೇಳಿಸುವುದಿಲ್ಲವೇ?’ ಎಂದು ಕೇಳಬಹುದು. ಇದಕ್ಕೆ ಉತ್ತರ ತೊಟ್ಟಿಲಿನಲ್ಲಿದೆ. ಕೆನಡಾದಲ್ಲಿ ಜೆನೆಟ್ ವೆರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ಹಿಂದಿಯ ‘ತ’ ಮತ್ತು ‘ಟ’ ಬಳಸಿದರು. ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಶಿಶುಗಳು ಈ ಎರಡರ ವ್ಯತ್ಯಾಸವನ್ನು ಗುರುತಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಬಹುತೇಕ ಶಿಶುಗಳು ಗುರುತಿಸಲಿಲ್ಲ. ಹಿಂದಿ ಕೇಳುತ್ತಾ ಬೆಳೆದ ಶಿಶುಗಳಿಗೆ ಆ ಶಕ್ತಿ ಉಳಿದಿತ್ತು. ಇಂಗ್ಲಿಷ್ ಮಗುವಿನ ಕಿವಿ ಕೆಟ್ಟಿತೇ? ಇಲ್ಲ. ಇಂಗ್ಲಿಷಿಗೆ ಬೇಕಾದ ಹಾಗೆ ಅದು ಹದಗೊಂಡಿತು. ಮೊದಲ ಹುಟ್ಟುಹಬ್ಬಕ್ಕೆ ಮುಂಚೆಯೇ ಮುಗಿಯುವ ಈ ಕೆಲಸದಲ್ಲಿ ಮಗುವಿನ ತಪ್ಪೇನೂ ಇಲ್ಲ.

ಕಿವಿ ಹೀಗೆ ಹದಗೊಳ್ಳುವುದು ಹೇಗೆ? 2002ರಲ್ಲಿ ಜೆಸಿಕಾ ಮೇ, ವೆರ್ಕರ್ ಮತ್ತು ಲೂಆನ್ ಗರ್ಕನ್ ಒಂದು ಜಾಣ ಪ್ರಯೋಗ ಮಾಡಿದರು. ಒಂದು ವ್ಯಂಜನದಿಂದ ಇನ್ನೊಂದಕ್ಕೆ ಮೆಲ್ಲಗೆ ಸರಿಯುವ 8 ಧ್ವನಿಗಳ ಸಾಲನ್ನು 6 ಮತ್ತು 8 ತಿಂಗಳ ಮಕ್ಕಳಿಗೆ ಎರಡು-ಮೂರು ನಿಮಿಷ ಕೇಳಿಸಿದರು. ಒಂದು ಗುಂಪಿಗೆ ಸಾಲಿನ ನಡುವಿನ ಧ್ವನಿಗಳು ಹೆಚ್ಚು ಸಲ ಬಂದವು. ಗ್ರಾಫ್ ಬರೆದರೆ ಒಂದೇ ಗುಡ್ಡ. ಇನ್ನೊಂದು ಗುಂಪಿಗೆ ಎರಡೂ ತುದಿಗಳ ಕಡೆಯ ಧ್ವನಿಗಳು ಹೆಚ್ಚು ಸಲ ಬಂದವು. ಗ್ರಾಫಿನಲ್ಲಿ ಎರಡು ಗುಡ್ಡ. ಎರಡು ಗುಡ್ಡ ಕೇಳಿದ ಮಕ್ಕಳು ಆಮೇಲೆ ತುದಿಯ ಧ್ವನಿಗಳನ್ನು ಬೇರೆ ಬೇರೆ ಎಂದು ಗುರುತಿಸಿದವು, ಒಂದು ಗುಡ್ಡ ಕೇಳಿದವು ಗುರುತಿಸಲಿಲ್ಲ. ಕೇಳಿಸಿದ ಧ್ವನಿಗಳು ಎರಡೂ ಗುಂಪಿಗೆ ಒಂದೇ. ಎಷ್ಟೆಷ್ಟು ಸಲ ಕೇಳಿಸಿದವು ಎಂಬುದಷ್ಟೇ ಬೇರೆ. ಸಂಖ್ಯಾಶಾಸ್ತ್ರ ಓದಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

2007ರಲ್ಲಿ ಗೌತಮ್ ವಲ್ಲಭ, ಮೆಕ್ಲೆಲೆಂಡ್, ವೆರ್ಕರ್ ಮೊದಲಾದವರು ಇದನ್ನೇ ಯಂತ್ರಕ್ಕೆ ಹೇಳಿದರು. ಇಂಗ್ಲಿಷ್ ಮತ್ತು ಜಪಾನಿ ತಾಯಂದಿರು ಕೂಸುಗಳಿಗೆ ಆಡಿದ ಮಾತಿನ ಸ್ವರಗಳನ್ನು ಅಳತೆ ಮಾಡಿ ಆ ಅಳತೆಗಳನ್ನು ಕೊಟ್ಟರು. ಎಷ್ಟು ಬಗೆಯ ಸ್ವರಗಳಿವೆ ಎಂದು ಮಾತ್ರ ಹೇಳಲಿಲ್ಲ. ಹೆಚ್ಚಿನ ಸಲ ಯಂತ್ರ ನಾಲ್ಕು ಗುಂಪು ಮಾಡಿತು, ಅದೇ ಸರಿಯಾದ ಉತ್ತರ. ಜಪಾನಿಯಲ್ಲಿ ನಮ್ಮ ಇ-ಈ, ಎ-ಏಗಳ ಹಾಗೆ ಸ್ವರದ ಉದ್ದ ಮುಖ್ಯ ಎಂಬುದನ್ನೂ ಅದು ಅಳತೆಗಳಿಂದಲೇ ಕಂಡುಕೊಂಡಿತು.

ನನ್ನ ವಾದಕ್ಕೆ ಅತಿ ಮುಖ್ಯವಾದ ಸಾಕ್ಷಿ 2021ರದು. ತೋಮಾ ಶಾಟ್ಸ್ ಮತ್ತು ಸಂಗಡಿಗರು ಒಂದು ಯಂತ್ರಕ್ಕೆ ಜಪಾನಿ ಮಾತಿನ ಧ್ವನಿಮುದ್ರಣಗಳನ್ನೂ ಇನ್ನೊಂದಕ್ಕೆ ಅಮೆರಿಕದ ಇಂಗ್ಲಿಷ್ ಮಾತಿನ ಮುದ್ರಣಗಳನ್ನೂ ಕೇಳಿಸಿದರು. ಅಕ್ಷರ, ಪದ, ಅರ್ಥ ಏನನ್ನೂ ಹೇಳಿಕೊಡಲಿಲ್ಲ. ಆಮೇಲೆ ಇಂಗ್ಲಿಷಿನ ‘ರ’ ಮತ್ತು ‘ಲ’ ಬೇರೆ ಮಾಡಲು ಬಿಟ್ಟಾಗ ಜಪಾನಿ ಕೇಳಿದ ಯಂತ್ರ ಹಿಂದೆ ಬಿತ್ತು. ಜಪಾನಿ ಮಾತನಾಡುವವರಿಗೆ ಆಗುವ ಕಷ್ಟವೇ ಅದಕ್ಕೂ ಆಯಿತು. ಆ ಯಂತ್ರದೊಳಗೆ ಬೆಳೆದ ಗುಂಪುಗಳು ನಮ್ಮ ಅಕ್ಷರಮಾಲೆಯ ಹಾಗೆ ಇರಲಿಲ್ಲ, ಇನ್ನೂ ಚಿಕ್ಕ ಚಿಕ್ಕ ಚೂರುಗಳಾಗಿದ್ದವು. ಹಾಗಾಗಿ ಮಗು ಮೊದಲು ಕಲಿಯುವುದು ಅಕ್ಷರದಂಥ ಧ್ವನಿಗಳನ್ನೇ ಅಥವಾ ಬೇರೆ ಏನನ್ನೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ನಡೆಯುತ್ತಲೇ ಇದೆ. ಆದರೆ ಒಂದು ಮಾತು ಗಟ್ಟಿ. ಆ ಯಂತ್ರಕ್ಕೆ ನಾಲಿಗೆ ಇರಲಿಲ್ಲ, ಸೋಮಾರಿತನ ಇರಲಿಲ್ಲ, ಅಸಡ್ಡೆ ಇರಲಿಲ್ಲ. ತನಗೆ ಕೇಳಿಸಿದ ಭಾಷೆಯನ್ನು ಅದು ಚೆನ್ನಾಗಿ ಕಲಿತಿತ್ತು. ಚೆನ್ನಾಗಿ ಕಲಿತದ್ದರಿಂದಲೇ ಇನ್ನೊಂದು ಭಾಷೆಯಲ್ಲಿ ಎಡವಿತು.

ಈಗ ನಮ್ಮ ತರಗತಿಗೆ ಬನ್ನಿ. ಒಂದೇ ಬೆಂಚಿನಲ್ಲಿ ಬ್ಯಾರಿ ಮನೆ, ಉರ್ದು ಮನೆ, ತುಳು ಮನೆ, ಕನ್ನಡ ಮನೆಯವರು ಕೂತಿರುತ್ತೇವೆ. ಉರ್ದು ಮನೆಯ ಗೆಳೆಯನಿಗೆ ‘ಳ’ ಕಷ್ಟ, ಏಕೆಂದರೆ ಉರ್ದುವಿನಲ್ಲಿ ಆ ಧ್ವನಿ ಇಲ್ಲ. ಅವನನ್ನು ನೋಡಿ ನಗುವ ಕನ್ನಡ ಮನೆಯವನು ‘ಜ಼ಮೀನ್’ ಎನ್ನಲಾರದೆ ‘ಜಮೀನು’ ಎನ್ನುತ್ತಾನೆ. ಅರಬಿಯ ಸೀನ್, ಸಾದ್, ಸಾ ಮೂರೂ ನಮ್ಮಲ್ಲಿ ಹಲವರ ಕಿವಿಗೆ ಮೊದಮೊದಲು ಒಂದೇ ‘ಸ’ ಆಗಿ ಕೇಳಿಸಿದ್ದವು. ಮಹಾಪ್ರಾಣಗಳು ಕನ್ನಡಕ್ಕೆ ಹೆಚ್ಚಾಗಿ ಸಂಸ್ಕೃತ-ಪ್ರಾಕೃತ ಪದಗಳ ಜೊತೆ ಬಂದವು, ಆಡುಮಾತಿನಲ್ಲಿ ಅವನ್ನು ಬೇರೆ ಮಾಡದ ಕನ್ನಡಿಗರು ಬಹಳ ಇದ್ದಾರೆ. ‘ಹ’ ಬಿಟ್ಟು ‘ಆಲು’ ಎನ್ನುವವರನ್ನು ಕಂಡು ನಗುವವರು ಇನ್ನೊಂದು ವಿಷಯ ತಿಳಿದಿರಬೇಕು. ಹಳಗನ್ನಡದಲ್ಲಿ ಅದು ‘ಪಾಲ್’ ಆಗಿತ್ತು, ತಮಿಳು-ಮಲಯಾಳಗಳಲ್ಲಿ ಇವತ್ತಿಗೂ ‘ಪಾಲ್’. ‘ಪ’ ಸವೆದು ‘ಹ’ ಆದಾಗಲೂ ಯಾರೋ ಒಬ್ಬರು ಮೊದಲು ಹಾಗೆ ಹೇಳಿದ್ದರಲ್ಲವೇ? ಅವರ ಉಚ್ಚಾರವೇ ಇವತ್ತು ನಮ್ಮ ಪಠ್ಯಪುಸ್ತಕದಲ್ಲಿದೆ.

‘ಹಾಗಾದರೆ ಸರಿಯಾದ ಉಚ್ಚಾರ ಎಂಬುದೇ ಬೇಡವೇ?’ ಎಂದು ಉಪನ್ಯಾಸಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಖಂಡಿತ ಬೇಕು. ಖುರ್‌ಆನ್ ಪಾರಾಯಣದಲ್ಲಿ ಒಂದು ಅಕ್ಷರದ ಮಖ್ರಜ್ ತಪ್ಪಿದರೆ ಅರ್ಥವೇ ಬದಲಾಗಬಹುದು. ‘ಹಳ್ಳಿ’ ಮತ್ತು ‘ಹಲ್ಲಿ’ ಒಂದೇ ಅಲ್ಲ. ವಾರ್ತೆ ಓದುವವರಿಗೆ, ಪಾಠ ಮಾಡುವವರಿಗೆ ಎಲ್ಲರಿಗೂ ತಿಳಿಯುವ ಒಂದು ಸಾಮಾನ್ಯ ಉಚ್ಚಾರ ಬೇಕೇ ಬೇಕು. ನಾನು ಹೇಳುವುದು ಇಷ್ಟೇ: ಅದನ್ನು ಕಲಿಸಬೇಕು. ಕಲಿಸದೆ ಅಂಕ ಕಳೆಯುವುದೂ ನಗುವುದೂ ಕಲಿಕೆಯಲ್ಲ.

ಕಲಿಸುವ ದಾರಿಯೂ ಇದೆ. 1991ರಲ್ಲಿ ಜಾನ್ ಲೋಗನ್, ಸ್ಕಾಟ್ ಲೈವ್ಲಿ ಮತ್ತು ಡೇವಿಡ್ ಪಿಸೋನಿ ಎಂಬ ಸಂಶೋಧಕರು ವಯಸ್ಕ ಜಪಾನಿಯರಿಗೆ ‘ರ-ಲ’ ಜೋಡಿಪದಗಳನ್ನು ಹಲವರ ದನಿಯಲ್ಲಿ ಕೇಳಿಸಿ, ಸರಿಯೋ ತಪ್ಪೋ ಎಂದು ಆಗಾಗಲೇ ತಿಳಿಸುತ್ತಾ ಹೋದರು. ಕೇಳುವ ಶಕ್ತಿ ಸುಧಾರಿಸಿತು. ದೊಡ್ಡವರ ಕಿವಿಯ ತೂಕಗಳೂ ಬದಲಾಗುತ್ತವೆ, ಸಾಕಷ್ಟು ಮತ್ತು ಬಗೆಬಗೆಯಾಗಿ ಕೇಳಿಸಬೇಕು ಅಷ್ಟೇ. 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಅಮೆರಿಕದ 9 ತಿಂಗಳ ಮಕ್ಕಳಿಗೆ ಚೀನೀ ಮಾತು ಕೇಳಿಸಿದ್ದರು. ಎದುರು ಕೂತು ಆಡಿಸುತ್ತಾ ಮಾತನಾಡಿದವರಿಂದ ಮಕ್ಕಳು ಆ ಧ್ವನಿಗಳನ್ನು ಕಲಿತವು, ಅದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ ಕಲಿಯಲಿಲ್ಲ. ಇದು ನಮಗೆ ಅಪರಿಚಿತವೇನಲ್ಲ. ಖುರ್‌ಆನ್ ಪಾರಾಯಣವನ್ನು ಉಸ್ತಾದರ ಎದುರು ಕೂತು, ಅವರ ಬಾಯಿ ನೋಡಿ, ಹೇಳಿ, ತಿದ್ದಿಸಿಕೊಂಡು ಕಲಿಯುವ ತಲಖ್ಖೀ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇದೆ. ಒಂದು ಅಕ್ಷರವನ್ನು ಇಪ್ಪತ್ತು ಸಲ ಹೇಳಿಸಿದರೂ ಅಲ್ಲಿ ಗುರಿ ಅಕ್ಷರ ಕೂರುವುದು, ಮಗು ನಾಚುವುದಲ್ಲ.

ಕಲಿಕೆ ಕೇಳಿಸಿದ್ದರ ಮೇಲೆ ನಿಂತಿದೆ ಎಂಬುದಕ್ಕೆ ಇನ್ನೊಂದು ಮುಖವೂ ಇದೆ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಮಾತನ್ನು ಬರಹ ಮಾಡುವ ಐದು ಕಂಪನಿಗಳ ತಂತ್ರಾಂಶಗಳನ್ನು ಪರೀಕ್ಷಿಸಿತು. ಬಿಳಿಯರ ಮಾತಿನಲ್ಲಿ 100 ಪದಕ್ಕೆ ಸರಾಸರಿ 19 ತಪ್ಪು, ಕಪ್ಪು ಜನರ ಮಾತಿನಲ್ಲಿ 35 ತಪ್ಪು. ಅವರಾಡಿದ್ದೂ ಇಂಗ್ಲಿಷೇ. ತಮ್ಮಂಥವರ ದನಿಯನ್ನು ಯಂತ್ರಕ್ಕೆ ಸಾಕಷ್ಟು ಕೇಳಿಸದಿದ್ದರೆ ಅದು ಅವರ ಮಾತನ್ನು ತಪ್ಪಾಗಿ ಬರೆಯುತ್ತದೆ. ಮುಂದೆ ಅರ್ಜಿ, ಬ್ಯಾಂಕು, ಆಸ್ಪತ್ರೆ ಎಲ್ಲ ಕಡೆ ಯಂತ್ರದ ಜೊತೆ ಮಾತನಾಡುವ ಕಾಲ ಬಂದರೆ, ಮೈಕಿನ ಮುಂದೆ ಬಾಯಿ ಮುಚ್ಚಿಕೊಂಡ ಹುಡುಗ-ಹುಡುಗಿಯರ ದನಿ ಅದಕ್ಕೆ ಎಲ್ಲಿಂದ ಸಿಗಬೇಕು?

ಕೊನೆಗೆ ನನ್ನ ಮೂರು ಕೋರಿಕೆಗಳು. ಸಾಹಿತ್ಯ ಸಂಘದವರು ಮುಂದಿನ ಸ್ಪರ್ಧೆಯ ಅಂಕಪಟ್ಟಿಯಲ್ಲಿ ‘ಉಚ್ಚಾರಣೆ’ಯ ಜಾಗದಲ್ಲಿ ‘ಸ್ಪಷ್ಟತೆ’ ಎಂದು ಬರೆಯಲಿ. ಹೇಳಿದ್ದು ಸಭೆಗೆ ತಿಳಿಯಿತೇ ಎಂಬುದಕ್ಕೆ ಅಂಕವಿರಲಿ. ಎರಡನೆಯದು ಭಾಷಾ ಉಪನ್ಯಾಸಕರಿಗೆ. ಬಳೆ-ಬಲೆ, ಮಣೆ-ಮನೆ, ಹಕ್ಕಿ-ಅಕ್ಕಿ, ಹಳ್ಳಿ-ಹಲ್ಲಿ ಇಂಥ ಜೋಡಿಗಳನ್ನು ಹತ್ತು ಜನರ ದನಿಯಲ್ಲಿ ಮೊಬೈಲಿನಲ್ಲಿ ಮುದ್ರಿಸಿಟ್ಟುಕೊಂಡರೆ, ವಾರಕ್ಕೆ ಎರಡು ಸಲ ಹದಿನೈದು ನಿಮಿಷ ಕೇಳಿಸಿ ಅಭ್ಯಾಸ ಮಾಡಿಸಬಹುದು. ಮುದ್ರಿಸುವ ಕೆಲಸ ನಾವು ಮಾಡುತ್ತೇವೆ. ಮೂರನೆಯದು ನನ್ನ ಗಣಕ ವಿಜ್ಞಾನದ ಗೆಳೆಯರಿಗೆ. ಬಸ್ಸು-ಕಾರಿನಂಥ ನೂರು ಪದಗಳ ಪಟ್ಟಿ ಮಾಡಿ, ನಿಯಮ ಹೇಳದೆ ಅದನ್ನು ಕಲಿಯುವ ಸಣ್ಣ ಪ್ರೋಗ್ರಾಮನ್ನು ಪೈಥಾನಿನಲ್ಲಿ ಬರೆಯೋಣ. ಮನೆಯಲ್ಲಿ ಉರ್ದು, ಬ್ಯಾರಿ, ತುಳು ಮಾತನಾಡುವವರು ತಮ್ಮ ತಮ್ಮ ಪಟ್ಟಿ ತನ್ನಿ. ಪ್ರತಿ ಪಟ್ಟಿಯಿಂದ ಯಂತ್ರದ ತೂಕಗಳು ಹೇಗೆ ಬೇರೆಯಾಗುತ್ತವೆ ಎಂದು ವಿಜ್ಞಾನ ಪ್ರದರ್ಶನದ ದಿನ ಎಲ್ಲರ ಮುಂದೆ ತೋರಿಸೋಣ. ಬರಲು ಇಷ್ಟವಿರುವವರು ಶನಿವಾರ ತರಗತಿ ಮುಗಿದ ಮೇಲೆ ಕಂಪ್ಯೂಟರ್ ಲ್ಯಾಬಿಗೆ ಬನ್ನಿ. ಭಾಷಣ ಸ್ಪರ್ಧೆಗೆ ಹೆಸರು ಕೊಡುವುದನ್ನು ಬಿಟ್ಟವರು ನಿಮ್ಮ ಪಕ್ಕದ ಬೆಂಚಿನಲ್ಲಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ.